ನಮ್ಮ ಮುಧೋಳ ನಾಯಿಗೆ ಲಿಫ್ಟ್ ಇಲ್ಲವೆಂದ ಕಾರ್ಯದರ್ಶಿಗಳಿಗೆ

ಅಪಾರ್ಟ್‌ಮೆಂಟ್ ಸಂಘದ ಮಾನ್ಯ ಕಾರ್ಯದರ್ಶಿಗಳೇ,

ಭಾನುವಾರ ಬೆಳಗ್ಗೆ ಹತ್ತಕ್ಕೆ ಬನ್ನಿ ಅಂದಿರಿ, ಬಂದೆ. ಜನರೇಟರ್ ಪಕ್ಕದ ಆ ಕೋಣೆಯಲ್ಲಿ ಇರುವುದು ಒಂದೇ ಕುರ್ಚಿ, ಅದೂ ನಿಮ್ಮದು. ಹಾಗಾಗಿ ಊಟದ ಹೊತ್ತಿನವರೆಗೂ ನಿಂತೇ ಇದ್ದೆ. ಕೈಯಲ್ಲಿ ನೀವು ಹೇಳಿದ ಫೈಲು: ಪಾಲಿಕೆಯ ಲೈಸೆನ್ಸು, ರೇಬೀಸ್ ಲಸಿಕೆಯ ಕಾರ್ಡು, ಅಕ್ಕಪಕ್ಕದ ಮನೆಯವರ ಒಪ್ಪಿಗೆ ಪತ್ರ, ನಾಯಿಯ ಪಾಸ್‌ಪೋರ್ಟ್ ಸೈಜ್ ಫೋಟೊ ಎರಡು. ಎರಡು ಯಾಕೆಂದು ಈಗಲೂ ಗೊತ್ತಿಲ್ಲ. ಕೊನೆಗೂ ಬಂದಿರಿ. ಫೋಟೊ ಒಂದನ್ನೇ ನೋಡಿ, ‘ಇದಿ ವೀಧಿ ಕುಕ್ಕೇ ಕದಾ ಸಾರ್?’ ಎಂದು ಫೈಲು ಮುಚ್ಚಿದಿರಿ. ಬೀದಿನಾಯಿಗೆ ಲಿಫ್ಟ್ ಇಲ್ಲ, ಬ್ರೀಡ್ ಸರ್ಟಿಫಿಕೇಟ್ ತನ್ನಿ, ಮುಂದಿನ ಭಾನುವಾರ ನೋಡೋಣ ಅಂದಿರಿ.

ನಿಮಗೆ ಕನ್ನಡ ಬರುವುದಿಲ್ಲ, ಬಲ್ಲೆ. ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ಕೊಟ್ಟ ಅರ್ಜಿಗಳನ್ನು ನೀವು ಓದಲಿಲ್ಲ. ಹೇಗೂ ಓದುವುದಿಲ್ಲವಾದರೆ ನನ್ನ ಬಾಯಿಗೆ ಒಗ್ಗಿದ ಭಾಷೆಯಲ್ಲೇ ಬರೆದು ಹಗುರಾಗುತ್ತೇನೆ.

ಮೊದಲು ಫೋಟೊದಲ್ಲಿ ಕಂಡ ಎಲುಬಿನ ವಿಚಾರ. ನಮ್ಮ ನಾಯಿ ಸರದಾರನ ಪಕ್ಕೆಲುಬುಗಳು ಕಾಣುತ್ತವೆ, ನಿಜ. ಕಾಣಲೇಬೇಕು. ಬೇಟೆಯನ್ನು ಕಣ್ಣಲ್ಲಿ ಹಿಡಿದು ಓಡುವ ನಾಯಿ ಅದು: ಉದ್ದ ಕಾಲು, ಆಳವಾದ ಎದೆ, ಒಳಕ್ಕೆ ಸೇದಿದ ಹೊಟ್ಟೆ, ಭುಜದ ಎತ್ತರ ಹತ್ತಿರ ಹತ್ತಿರ 70 ಸೆಂ.ಮೀ. ಆದರೆ ಎರಡನೇ ಮಹಡಿಯ ಆಂಟಿ ಸಿಕ್ಕಾಗಲೆಲ್ಲ ‘ಊಟ ಹಾಕಲ್ವಾ?’ ಎನ್ನುತ್ತಾರೆ. ಅವರು ಬಿಸ್ಕತ್ತು ಚಾಚಿದರೆ ಇವನು ಮೂಸುತ್ತಾನೆ, ಮುಖ ತಿರುಗಿಸುತ್ತಾನೆ. ಪರಿಚಯ ಇಲ್ಲದವರು ಕೊಟ್ಟದ್ದನ್ನು ತಿನ್ನುವ ಪೈಕಿ ಅಲ್ಲ. ಅದಕ್ಕೆ ಅವರ ವ್ಯಾಖ್ಯಾನ: ‘ಪಾಪ, ತಿನ್ನೋ ಶಕ್ತೀನೂ ಇಲ್ಲ.’ ಜೋಳದ ನುಚ್ಚು, ಹಾಲು, ಮೊಟ್ಟೆ, ರಾತ್ರಿಗೆ ಕೋಳಿ. ಈ ಮನೆಯಲ್ಲಿ ಯಾರಿಗಾದರೂ ಊಟ ಹಾಕುತ್ತಿಲ್ಲ ಎಂದರೆ ಅದು ನನಗೆ.

ಇನ್ನು ಸರ್ಟಿಫಿಕೇಟು. ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯ ಜೋಡಿಯನ್ನು ಐದನೇ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟರೆಂದು ನಮ್ಮ ಬಾಗಲಕೋಟೆ ಕಡೆ ಎಲ್ಲರೂ ಹೇಳುತ್ತಾರೆ. ಆ ದೊರೆ ಬ್ರೀಡ್ ಸರ್ಟಿಫಿಕೇಟ್ ಕೇಳಿದ್ದನ್ನು ನಾನು ಕೇಳಿಲ್ಲ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಸ್ಟಾಂಪು ತಂದಿತು. 2016ರಲ್ಲಿ ಸೇನೆ ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿಗೆ ಹಚ್ಚಿತು. 2020ರಲ್ಲಿ ಪ್ರಧಾನಿಗಳು ‘ಮನ್ ಕಿ ಬಾತ್’ನಲ್ಲಿ ಹೆಸರು ಹಿಡಿದು ಹೊಗಳಿದರು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಸರದಾರ ಅಲ್ಲಿಂದಲೇ ಬಂದವನು, ರಸೀದಿ ಫೈಲಿನಲ್ಲಿದೆ. ಇದೆ ಎಂದರೆ, ಮುಚ್ಚಿದ ಫೈಲಿನಲ್ಲಿದೆ. ರಾಷ್ಟ್ರಮಟ್ಟದ ಕೆನಲ್ ಕ್ಲಬ್ಬಿನ ಕಾಗದವೇ ಆಗಬೇಕು ಅಂದಿರಲ್ಲ, ಒಂದು ಕ್ಲಬ್ಬು ಇದನ್ನು ಕ್ಯಾರವಾನ್ ಹೌಂಡ್ ಎಂದು ಬರೆದುಕೊಳ್ಳುತ್ತದೆ, ಇನ್ನೊಂದು ಮುಧೋಳ ಹೌಂಡ್ ಎನ್ನುತ್ತದೆ. ಯಾವುದನ್ನು ತಂದರೂ ನೀವು ಇನ್ನೊಂದನ್ನು ಕೇಳುತ್ತೀರಿ ಎಂಬ ಭರವಸೆ ನನಗಿದೆ.

ಶಿಸ್ತಿನ ಬಗ್ಗೆಯೂ ಕೇಳಿದಿರಿ. ಈ ಜಾತಿಯ ನಾಯಿಗೆ ಗದರಿದರೆ ಕಲಿಯುವುದಿಲ್ಲ, ಮುನಿಸಿಕೊಂಡು ಮೂಲೆ ಸೇರುತ್ತದೆ. ಲಿಫ್ಟಿನ ಬಾಗಿಲು ‘ಟಿಂಗ್’ ಅಂದಾಗ ಕೂರಬೇಕು ಎಂದು ಬೇಯಿಸಿದ ಕೋಳಿಯ ಚೂರು ಕೊಟ್ಟು ಕೊಟ್ಟು ಕಲಿಸಿದ್ದೇವೆ. ಕತ್ತಿಗಿಂತ ತಲೆ ಸಣ್ಣದು, ಸಾದಾ ಬೆಲ್ಟು ಜಾರುತ್ತದೆ ಎಂದು ಅಗಲ ಚರ್ಮದ ಪಟ್ಟಿ ಹೊಲಿಸಿದ್ದೇವೆ. ಬೆಕ್ಕು ಕಂಡರೆ ಓಡುತ್ತಾನೆ, ಆ ಮಾತು ನಿಜ. ಆದ್ದರಿಂದ ಗೇಟಿನೊಳಗೂ ಹಗ್ಗ ಬಿಡುವುದಿಲ್ಲ. ಲಿಫ್ಟಿನೊಳಗೆ ಬೆಕ್ಕು ಇದ್ದ ದಿನ ನಾನೇ ಮೆಟ್ಟಿಲು ಹತ್ತುತ್ತೇನೆ.

ಆದರೆ ಖಜಾಂಚಿಯವರ ಹಸ್ಕಿಗೆ ಮುಂಭಾಗದ ಲಿಫ್ಟು. ಹಸ್ಕಿಯ ಮೇಲೆ ನನಗೆ ಸಿಟ್ಟಿಲ್ಲ. ಸೈಬೀರಿಯಾದ ಚಳಿಗೆ ಹುಟ್ಟಿದ ಎರಡು ಪದರದ ತುಪ್ಪಳ ಹೊತ್ತು ಹೈದರಾಬಾದಿನ ಮೇ ತಿಂಗಳಲ್ಲಿ ಎಸಿ ಮುಂದೆ ಏದುಸಿರು ಬಿಡುತ್ತ ಬಿದ್ದಿರುವ ಆ ಜೀವ ಏನು ಮಾಡೀತು? ಅದರ ಎಲುಬು ಕಾಣುವುದಿಲ್ಲ, ಅಷ್ಟೇ ಅದರ ಅರ್ಹತೆ. ಈ ಬಿಸಿಲಿಗೆ ಹುಟ್ಟಿದ ನಾಯಿ ಮಾತ್ರ ಸರ್ವೀಸ್ ಲಿಫ್ಟಿಗೆ ಕಾಯಬೇಕು. ಸರ್ವೀಸ್ ಲಿಫ್ಟು ಯುಗಾದಿಯಿಂದ ಕೆಟ್ಟು ನಿಂತಿದೆ. ಅದರೊಳಗೆ ಸಿಮೆಂಟ್ ಚೀಲ, ಮುರಿದ ಟೈಲ್ಸು ತುಂಬಿವೆ.

ಇವತ್ತು ಅದರ ಬಾಗಿಲಿಗೆ ಅಂಟಿಸಿದ ನಿಮ್ಮ ಬೋರ್ಡನ್ನು ನಿಂತು ಪೂರ್ತಿ ಓದಿದೆ: ‘ಮನೆ ಕೆಲಸದವರು, ಡೆಲಿವರಿಯವರು ಮತ್ತು ನಾಯಿಗಳು ಈ ಲಿಫ್ಟನ್ನೇ ಬಳಸತಕ್ಕದ್ದು. ತಪ್ಪಿದರೆ ದಂಡ.’ ಸಾರ್, ನನ್ನ ತಮಾಷೆ ಇಲ್ಲಿಗೆ ಮುಗಿಯಿತು. ನಮ್ಮ ಮನೆಯಲ್ಲಿ ಅಡಿಗೆ ಮಾಡುವ ಅಮ್ಮನಿಗೆ ಮಂಡಿ ನೋವು. ಐದು ಮಹಡಿ ಕಾಲು ಎಳೆದುಕೊಂಡು ಹತ್ತಿ ಬರುತ್ತಾರೆ, ಬಂದವರೇ ಗೋಡೆ ಹಿಡಿದು ನಿಲ್ಲುತ್ತಾರೆ. ನಿಮ್ಮ ಮನೆಯಲ್ಲೂ ಅವರೇ ಸಾರು ಮಾಡುವುದು. ಆ ಸಾರು ನಿಮ್ಮ ಗಂಟಲಲ್ಲಿ ಇಳಿಯುತ್ತದೆ, ಅವರು ನಿಮ್ಮ ಲಿಫ್ಟಿನಲ್ಲಿ ಇಳಿಯಬಾರದು. ಲಿಫ್ಟ್ ಹತ್ತುವವರ ಹುಟ್ಟು ವಿಚಾರಿಸುವ ಕೆಲಸವನ್ನು ನಿಮಗೆ ಯಾರು ಕೊಟ್ಟರು? ಮೇಂಟೆನೆನ್ಸ್ ದುಡ್ಡು ಕಟ್ಟುವವರಲ್ಲಿ ನಾನೂ ಒಬ್ಬ, ನಾನಂತೂ ಕೊಡಲಿಲ್ಲ.

ಬಹುಮತದ ಠರಾವು ಇದೆ ಎನ್ನುತ್ತೀರಿ. ಬಹುಮತದಿಂದಲೂ ಸಾಕುಪ್ರಾಣಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ನಿರಾಕರಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಅದರ ಪ್ರತಿಯೂ ಮುಚ್ಚಿದ ಫೈಲಿನಲ್ಲಿದೆ. ನಾಯಿಗಾದರೂ ಒಂದು ಮಂಡಳಿ ಇದೆ ಎಂದು ಬೋರ್ಡಿನ ಮುಂದೆ ನಿಂತು ಅಂದುಕೊಂಡೆ. ಸರದಾರನ ಬಗ್ಗೆ ಇನ್ನು ನನ್ನ ತಕರಾರಿಲ್ಲ, ಮೊದಲು ಆ ಬೋರ್ಡು ಕಿತ್ತು ಹಾಕಿ.

ಮುಂದಿನ ಭಾನುವಾರ ನಾನು ಬರುವುದಿಲ್ಲ, ಸರ್ಟಿಫಿಕೇಟೂ ಬರುವುದಿಲ್ಲ. ನಾಳೆ ಬೆಳಗ್ಗೆ ಆ ಅಮ್ಮ, ಎಲುಬು ಕಾಣುವ ಸರದಾರ, ನಾನು ಮೂವರೂ ಮುಂಭಾಗದ ಲಿಫ್ಟಿನಲ್ಲೇ ಹತ್ತುತ್ತೇವೆ, ಇಳಿಯುತ್ತೇವೆ. ದಂಡ ಹಾಕುವುದಾದರೆ ಖಂಡಿತ ಹಾಕಿ. ರಸೀದಿಯಲ್ಲಿ ಯಾರಿಗೆ, ಯಾಕೆ ಎಂಬುದನ್ನು ಸ್ಪಷ್ಟವಾಗಿ ಬರೆದು ಸೀಲು ಒತ್ತಿ ಕೊಡಿ. ನಮ್ಮ ವಕೀಲರಿಗೆ ಕನ್ನಡಕ ಬಂದಿದೆ, ಅಕ್ಷರ ದೊಡ್ಡದಾಗಿರಲಿ.

ಇಂತಿ,
ಐದನೇ ಮಹಡಿಯ ಊಟ ಹಾಕದವ