ಬಾನೆಟ್ ಭಾವ

ಮೇ ತಿಂಗಳ ನಡುಮಧ್ಯಾಹ್ನ. ಕಾರು ಶಿರಾ ದಾಟಿ ಹಿರಿಯೂರಿನ ಕಡೆ ಓಡುತ್ತಿದ್ದಾಗ ಬಾನೆಟ್ಟಿನೊಳಗಿಂದ ‘ಕುಂಯ್ಯ್’ ಎಂದು ಸದ್ದೆದ್ದಿತು. ಹಂಪಿಗೆ ಹೊರಟಿದ್ದ ಐವರಲ್ಲಿ ನಾಲ್ವರ ಮುಖ ಬಾಡಿತು. ಮುಂದಿನ ಸೀಟಿನಲ್ಲಿ ಅಷ್ಟು ಹೊತ್ತೂ ತೂಕಡಿಸುತ್ತಿದ್ದ ಐದನೆಯವರ ಮುಖ ಮಾತ್ರ ಓಲಗ ಕೇಳಿದ ಬೀಗರ ಹಾಗೆ ಅರಳಿತು.

‘ಸೈಡಿಗೆ ಹಾಕೋ’ ಎಂದರು ಭಾವ.

ಇಂಥವರೊಬ್ಬರು ಇಲ್ಲದ ಮನೆತನ ಕಡಿಮೆ. ಕೆಲವು ಕಡೆ ಚಿಕ್ಕಪ್ಪ, ಕೆಲವು ಕಡೆ ಸೋದರಮಾವ. ಅಕ್ಕನ ಗಂಡನೇ ಆಗಿಬಿಟ್ಟರೆ ಕಷ್ಟ ಹೆಚ್ಚು, ಎದುರಾಡುವ ಹಾಗಿಲ್ಲ. ಪ್ರವಾಸಕ್ಕೆ ಹೊರಡುವಾಗ ಬಿಪಿ ಮಾತ್ರೆ ಮರೆತರೂ ಮರೆತಾರು, ಕ್ಯಾನ್ವಾಸ್ ಚೀಲ ಮರೆಯರು. ಅದರಲ್ಲಿ ಇಕ್ಕಳ, ಎರಡು ಸ್ಕ್ರೂಡ್ರೈವರ್, ಒಂದು ಸುರುಳಿ ತಂತಿ, ಇನ್ಸುಲೇಷನ್ ಟೇಪು, ಬಾಯಿ ಸವೆದ ಒಂದು ಅಡ್ಜಸ್ಟಬಲ್ ಸ್ಪ್ಯಾನರ್. ದಾರಿಯುದ್ದಕ್ಕೂ ಏನೂ ಕೆಡದೆ ಊರು ಮುಟ್ಟಿದರೆ ಅವರಿಗೆ ಊಟ ಸೇರುವುದಿಲ್ಲ.

ಹಾಗೆಂದು ಅವರ ವಿದ್ಯೆ ಸುಳ್ಳಲ್ಲ, ಹಳೆಯದು ಅಷ್ಟೆ. ಅವರು ಕಾರು ಕಲಿತದ್ದು ಅಂಬಾಸಡರ್ ಮತ್ತು ಫಿಯೆಟ್ ಕಾಲದಲ್ಲಿ. ಆಗ ಒಂದೇ ಫ್ಯಾನ್ ಬೆಲ್ಟು ರೇಡಿಯೇಟರಿನ ಫ್ಯಾನು, ನೀರಿನ ಪಂಪು, ಡೈನಮೋ ಮೂರನ್ನೂ ತಿರುಗಿಸಬೇಕಿತ್ತು. ಬೆಲ್ಟು ಹರಿಯಿತೋ, ಇಂಜಿನ್ನು ಕಾದು ಬುಸುಗುಟ್ಟುತ್ತಿತ್ತು. ಒಮ್ಮೆ ಚಾರ್ಮಾಡಿ ಘಾಟಿಯಲ್ಲಿ ಹಾಗಾದಾಗ ಭಾವ ಅಕ್ಕನ ನೈಲಾನ್ ಸೀರೆಯನ್ನೇ ಸೀಳಿ, ಹುರಿ ಹೊಸೆದು, ಬೆಲ್ಟಿನ ಬದಲು ಬಿಗಿದು ಕೊಟ್ಟಿಗೆಹಾರ ಮುಟ್ಟಿಸಿದ್ದರು. ಮೊದಮೊದಲು ಆ ದೂರ 4 ಕಿಲೋಮೀಟರ್ ಇತ್ತು. ಹೇಳುತ್ತ ಹೇಳುತ್ತ ಈಗ ಘಾಟಿಗಿಂತ ಉದ್ದವಾಗಿದೆ. ಅಕ್ಕನಿಗೆ ನೆನಪಿರುವುದು ಸೀರೆಯ ಬಣ್ಣ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅದರ ರೇಡಿಯೇಟರ್ ಫ್ಯಾನಿಗೆ ಕರೆಂಟಿನ ಮೋಟಾರು. ಭಾವನ ನಿರುದ್ಯೋಗ ಶುರುವಾದದ್ದು ಅಲ್ಲಿಂದ. ಅವರ ಪಾಲಿಗೆ ಉಳಿದ ಅಲ್ಪಸ್ವಲ್ಪ ಆಸ್ತಿಯಲ್ಲಿ ಎಸಿ ಬೆಲ್ಟೂ ಒಂದು.

ಭಾಮೈದ ಎಸಿ ಆಫ್ ಮಾಡಿದ. ಸದ್ದು ನಿಂತಿತು. ಆನ್ ಮಾಡಿದ, ‘ಕುಂಯ್ಯ್’. ಎಸಿ ಗುಂಡಿ ಒತ್ತಿದಾಗ ವಿದ್ಯುತ್ ಅಯಸ್ಕಾಂತದ ಕ್ಲಚ್ಚೊಂದು ಕಂಪ್ರೆಸರನ್ನು ಹಿಡಿದುಕೊಳ್ಳುತ್ತದೆ. ಆ ಭಾರ ಎಳೆಯಲಾರದೆ ಸಡಿಲ ಬೆಲ್ಟು ಪುಲ್ಲಿಯ ಮೇಲೆ ಜಾರುತ್ತದೆ, ಕೂಗುತ್ತದೆ. ಆ ಹಳೆಯ ಕಾರಿನಲ್ಲಿ ಎಸಿಗೆಂದೇ ಬೇರೆ ಬೆಲ್ಟಿತ್ತು. ಕಿಟಕಿ ಇಳಿಸಿಕೊಂಡು ನೆಮ್ಮದಿಯಾಗಿ ಹಿರಿಯೂರು ಸೇರಬಹುದಿತ್ತು. (ಒಂದೇ ಬೆಲ್ಟು ಆಲ್ಟರ್ನೇಟರನ್ನೂ ನೀರಿನ ಪಂಪನ್ನೂ ಎಳೆಯುವ ಕಾರುಗಳಲ್ಲಿ ಇಂಥ ಉದಾಸೀನ ಸಲ್ಲದು.) ‘ಎಸಿ ಇಲ್ದೇನೇ ಹೋಗೋಣ ಭಾವ’ ಎಂದು ಅವನು ಹೇಳಿಯೂ ನೋಡಿದ. ಅಷ್ಟರಲ್ಲಿ ಬಾನೆಟ್ಟು ಮೇಲೆದ್ದಿತ್ತು, ಭಾವನ ತಲೆಗೆ ಟವೆಲ್ಲೂ ಏರಿತ್ತು.

1940ರಲ್ಲಿ ಅಮೆರಿಕದ ಪ್ಯಾಕರ್ಡ್ ಕಂಪನಿ ಎಸಿ ಇರುವ ಕಾರು ಮಾರಿದಾಗ ಅದರಲ್ಲಿ ಈ ಕ್ಲಚ್ಚೇ ಇರಲಿಲ್ಲವಂತೆ. ತಂಪು ಸಾಕಾದರೆ ಕಾರು ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟು ಕಳಚಬೇಕಿತ್ತು. ಭಾವ ಹುಟ್ಟಬೇಕಾಗಿದ್ದುದು ಅಲ್ಲಿ.

ಮಗುವಿನ ವಾಟರ್ ಬಾಟಲಿ ಇಸಿದುಕೊಂಡು ಅವರು ಓಡುತ್ತಿದ್ದ ಬೆಲ್ಟಿನ ಮೇಲೆ ಒಂದಿಷ್ಟು ಚಿಮುಕಿಸಿದರು. ಸದ್ದು ಇನ್ನೂ ಏರಿತು. ‘ನೋಡಿದ್ಯಾ? ಲೂಸಾಗಿದೆ!’ ಎಂದರು. ಮಾತು ನಿಜವೇ. ನೀರು ಬಿದ್ದೊಡನೆ ಕೂಗು ಹೆಚ್ಚಾದರೆ ಬೆಲ್ಟಿನ ಬಿಗಿ ಸಾಲದು ಎಂದೇ ಲೆಕ್ಕ. ಈ ಜಾತಿಯವರು ರೋಗ ಗುರುತಿಸುವುದರಲ್ಲಿ ಸೋಲುವುದಿಲ್ಲ, ಔಷಧದಲ್ಲಿ ಸೋಲುತ್ತಾರೆ. ಬಿಗಿ ಮಾಡಲು ಟೆನ್ಷನ್ ಪುಲ್ಲಿಯ ನಟ್ಟು ಸಡಿಲಿಸಬೇಕು. ಅವರ ಅಡ್ಜಸ್ಟಬಲ್ ಸ್ಪ್ಯಾನರ್ ಆ ಸಂದಿಗೆ ಇಳಿಯಲಿಲ್ಲ.

‘ಮಾವ, ನಂಗೆ ಬಾಯಾರಿಕೆ’ ಎಂದಿತು ಮಗು. ಬಾಟಲಿ ಖಾಲಿಯಾಗಿತ್ತು.

‘ಸೋಪು ಕೊಡೇ’ ಎಂದರು ಭಾವ. ಅಕ್ಕ ಬ್ಯಾಗಿನಿಂದ ಹೊಸ ಮೈಸೂರು ಸ್ಯಾಂಡಲ್ ತೆಗೆದುಕೊಟ್ಟರು. ಸೀರೆಗಿಂತ ಸೋಪು ವಾಸಿ ಅನ್ನಿಸಿರಬೇಕು. ಇಂಜಿನ್ ನಿಲ್ಲಿಸಿ, ಬೆಲ್ಟಿಗೆ ಸೋಪು ತಿಕ್ಕಿ, ಮತ್ತೆ ಚಾಲೂ ಮಾಡಿದರೆ, ಸದ್ದೇ ಇಲ್ಲ! ಭಾವ ಸೊಂಟದ ಮೇಲೆ ಕೈಯಿಟ್ಟು ಹೆದ್ದಾರಿಯ ಲಾರಿಗಳನ್ನೆಲ್ಲ ಒಮ್ಮೆ ನೋಡಿದರು.

ಸೋಪು ಹಚ್ಚಿದರೆ ಬೆಲ್ಟು ಇನ್ನಷ್ಟು ಜಾರುತ್ತದೆ. ಜಾರುವಾಗ ಕೂಗುವುದಿಲ್ಲ ಅಷ್ಟೆ. ಕಾರು ಜವನಗೊಂಡನಹಳ್ಳಿ ದಾಟುವ ಹೊತ್ತಿಗೆ ಒಳಗೆ ಸದ್ದೂ ಇಲ್ಲ, ತಂಪೂ ಇಲ್ಲ, ಬಿಸಿಗಾಳಿಯಲ್ಲಿ ಗಂಧದ ಪರಿಮಳ ಮಾತ್ರ ಧಾರಾಳ. ‘ರೀ, ಇಷ್ಟು ಹೊತ್ತಿಗೆ ವಾಣಿವಿಲಾಸ ಸಾಗರ ನೋಡ್ಕೊಂಡು ಬಂದಿರಬಹುದಿತ್ತು’ ಎಂದರು ಅಕ್ಕ.

ಹಿರಿಯೂರಿನ ಗ್ಯಾರೇಜಿನ ಹುಡುಗ ಬೆಲ್ಟು ಬಿಚ್ಚಿ ಬಿಸಿಲಿಗೆ ಹಿಡಿದ. ಒಳಮೈ ಸವೆದು ಗಾಜಿನಂತೆ ಹೊಳೆಯುತ್ತಿತ್ತು, ಅಲ್ಲಲ್ಲಿ ಬಿರುಕು. ಮೂಸಿ ನೋಡಿದ.

‘ಯಾರ್ ಸಾರ್ ಇದಕ್ಕೆ ಸೋಪ್ ಹಚ್ಚಿದ್ದು?’

‘ಹಿಂದಿನ ಮೆಕ್ಯಾನಿಕ್ ಇರಬೇಕು’ ಎಂದರು ಭಾವ.

ಹುಡುಗ ಪುಲ್ಲಿಗಳ ಜಿಡ್ಡು ಒರೆಸಿ, ಹೊಸ ಬೆಲ್ಟು ಹಾಕಿ, ಹೆಬ್ಬೆರಳಲ್ಲಿ ನಡುವೆ ಒತ್ತಿ ನೋಡಿದ. ಸುಮಾರು ಒಂದು ಸೆಂಟಿಮೀಟರ್ ತಗ್ಗಿತು. ‘ಇನ್ನೂ ಟೈಟ್ ಮಾಡಪ್ಪ’ ಎಂದರು ಭಾವ. ‘ಬೇರಿಂಗ್ ಹೋಗುತ್ತೆ ಸಾರ್’ ಎಂದು ಅವನು ನಟ್ಟು ಬಿಗಿದ. ಕಾಲು ಗಂಟೆಯ ಕೆಲಸ. ಅದರಲ್ಲಿ ಭಾವ ಹನ್ನೊಂದು ಸಲಹೆ ಕೊಟ್ಟರು. ಹುಡುಗ ಒಂದನ್ನೂ ಕೇಳಲಿಲ್ಲ, ಒಂದಕ್ಕೂ ಇಲ್ಲ ಅನ್ನಲಿಲ್ಲ. ಒಳ್ಳೆಯ ಮೆಕ್ಯಾನಿಕ್ಕು.

ದುಡ್ಡು ಕೊಟ್ಟಾದ ಮೇಲೆ ಭಾವ ಹಳೆಯ ಬೆಲ್ಟನ್ನು ಕೇಳಿ ಇಸಿದುಕೊಂಡು, ‘ಎಮರ್ಜೆನ್ಸಿಗಿರಲಿ’ ಎಂದು ಮಡಚಿ ಚೀಲಕ್ಕೆ ಹಾಕಿದರು. ಈಗ ಚೀಲದಲ್ಲಿ ಮೂರು ಹಳೆಯ ಬೆಲ್ಟುಗಳಿವೆ. ಅವುಗಳಲ್ಲಿ ಒಂದು ಫಿಯೆಟ್ಟಿನದು.