ಕಡಲಿಗೆ ಹೋಗುವ ದಾರಿ ಹೊಳೆಯ ಮೇಲೆ

ನಿಮ್ಮ ತಂಗಿ ಧಾರವಾಡದಿಂದ ಮಕ್ಕಳನ್ನು ಕರ್ಕೊಂಡು ಬರ್ತಾರಂತಲ್ಲ! ನಿನ್ನೆ ನೀವು ಬಾವಿಕಟ್ಟೆ ಹತ್ತಿರ ಫೋನಿನಲ್ಲಿ ಮಾತಾಡಿದ್ದು ಬೇಲಿಯ ಈಚೆಗೂ ಕೇಳಿತು. ಟ್ಯಾಕ್ಸಿ ಮಾಡಿ ಸೀದಾ ಬೀಚಿಗೆ, ಅಲ್ಲಿ ಒಂದು ಚರುಮುರಿ, ಮಾರನೇ ದಿನ ಉಡುಪಿ ಅಂತ ಹೇಳ್ತಾ ಇದ್ದಿರಿ. ಹಾಗೆ ಮಾಡಬೇಡಿ ಮಾರ್ರೆ. ಕಾರಿನಲ್ಲಿ ಕೂತು ಸಮುದ್ರಕ್ಕೆ ಹೋದವರಿಗೆ ಸಮುದ್ರ ಸಿಗ್ತದೆ, ಮಂಗಳೂರು ಸಿಗುವುದಿಲ್ಲ. ಈ ಊರು ಮುಖ ಮಾಡಿ ಕೂತಿರುವುದು ಹೊಳೆಗೆ.

ದಕ್ಷಿಣದಿಂದ ನೇತ್ರಾವತಿ, ಉತ್ತರದಿಂದ ಗುರುಪುರ ಹೊಳೆ, ಎರಡೂ ಕಡಲು ಸೇರುವುದು ಒಂದೇ ಅಳಿವೆಯಲ್ಲಿ. ಗುರುಪುರ ಹೊಳೆ ಅಂದರೆ ಫಲ್ಗುಣಿ. ಅದು ಕಡಲಿಗೆ ಇಷ್ಟು ಹತ್ತಿರ ಬಂದ ಮೇಲೂ ಥಟ್ಟನೆ ಸೇರಿಕೊಳ್ಳುವುದಿಲ್ಲ. ತೆಂಕು ದಿಕ್ಕಿಗೆ ತಿರುಗಿ, ಕರೆಯ ಉದ್ದಕ್ಕೂ ಸಾಕಷ್ಟು ದೂರ ಹರಿದು, ಆಮೇಲೆ ಅಳಿವೆಗೆ ಬರ್ತದೆ. ಹೊಳೆಗೂ ಕಡಲಿಗೂ ನಡುವೆ ಉಳಿದ ಮರಳಿನ ಪಟ್ಟಿಯೇ ತಣ್ಣೀರುಬಾವಿ, ಬೆಂಗ್ರೆ. ಹಾಗಾಗಿ ಪೇಟೆಯವರಿಗೆ ಕಡಲು ಅಂದರೆ ಮೊದಲಿನಿಂದಲೂ ಹೊಳೆ ದಾಟಿ ಆಚೆ ಇರುವುದು.

ಮಕ್ಕಳನ್ನು ಮಧ್ಯಾಹ್ನ ಇಳಿಯುವ ಹೊತ್ತಿಗೆ ಬೋಳೂರಿನ ಸುಲ್ತಾನ್ ಬತ್ತೇರಿಗೆ ಕರ್ಕೊಂಡು ಹೋಗಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಬುರುಜು ಅದು. ಕಪ್ಪು ಕಲ್ಲಿನದು, ಸಣ್ಣದು, ಮೇಲೆ ಹತ್ತಲು ಹೆಚ್ಚು ಹೊತ್ತು ಬೇಡ. ಆದರೆ ಗೋಡೆಯ ಕಿಂಡಿಗಳಿಗೆ ಕಣ್ಣಿಟ್ಟು ನೋಡಲು ಹೇಳಿ. ಶತ್ರುವಿನ ಹಡಗು ಹೊಳೆಯೊಳಗೆ ನುಗ್ಗದ ಹಾಗೆ ತೋಪು ಹೂಡಲು ಬಿಟ್ಟ ಕಿಂಡಿ ಅವು. ಇಂಗ್ಲಿಷರ ಜೊತೆ ಮಂಗಳೂರಿನ ಒಪ್ಪಂದ ಆದದ್ದೂ ಅದೇ ವರ್ಷ ಮಾರ್ಚಿನಲ್ಲಿ. ಯಾವ ದಾರಿಗೆ ಕಾವಲು ಬೇಕು ಅಂತ ಟಿಪ್ಪುವಿಗೆ ಸರಿಯಾಗಿ ಗೊತ್ತಿತ್ತು.

ಬುರುಜಿನ ಬುಡದಲ್ಲೇ ತಣ್ಣೀರುಬಾವಿಗೆ ದೋಣಿ ಉಂಟು. ಕೆಲವೇ ನಿಮಿಷದ ದಾರಿ. ದೋಣಿ ನಡುನೀರಿಗೆ ಬಂದಾಗ ಹಿಂದಿರುಗಿ ನೋಡಿದರೆ ತೆಂಗಿನ ತೋಟ, ಅದರ ಮೇಲೆ ಗುಡ್ಡ, ಗುಡ್ಡದ ಮೇಲೆ ಕಟ್ಟಡಗಳು. ಇಡೀ ಊರು ಮೆಟ್ಟಿಲು ಮೆಟ್ಟಿಲಾಗಿ ಕಾಣ್ತದೆ. ಆಚೆ ದಡದಲ್ಲಿ ಇಳಿದು, ಮರಗಳ ನಡುವೆ ನಡೆದು ಹೋದರೆ ಕಡಲು. ನಡೆದು ತಲುಪಿದ ಕಡಲು ಮಕ್ಕಳಿಗೆ ಮರೆಯುವುದಿಲ್ಲ. ಕೊನೆಯ ದೋಣಿ ಎಷ್ಟು ಹೊತ್ತಿಗೆ ಅಂತ ಹೋಗುವಾಗಲೇ ಕೇಳಿಕೊಳ್ಳಿ. ನೀರಿಗೆ ಇಳಿಯುವುದಾದರೆ ಮೊಣಕಾಲಿನವರೆಗೆ, ಅದೂ ಕಾವಲಿನವರು ಇದ್ದಲ್ಲಿ ಮಾತ್ರ. ಉಳ್ಳಾಲದ ಆಚೆ ಸೋಮೇಶ್ವರಕ್ಕೆ ಹೋದರೆ ದೇವಸ್ಥಾನ ನೋಡಿ, ರುದ್ರಶಿಲೆ ನೋಡಿ. ನೀರಿನ ಹತ್ತಿರ ಬಿಡಲೇಬೇಡಿ. ಬಂಡೆಗಳ ನಡುವಿನ ಸೆಳೆತ ಮೇಲಿನಿಂದ ಕಾಣುವುದಿಲ್ಲ. ಬಯಲುಸೀಮೆಯಿಂದ ಬಂದವರು ಎಷ್ಟೋ ಮಂದಿ ಅಲ್ಲಿ ನೀರುಪಾಲಾಗಿದ್ದಾರೆ, ನೆನೆಸಿದರೆ ಹೊಟ್ಟೆ ಉರೀತದೆ.

ಬೆಳಿಗ್ಗೆ ಎಬ್ಬಿಸಲು ಆದರೆ ಒಂದು ದಿನ ಮೀನಿನ ಧಕ್ಕೆ ತೋರಿಸಿ. ಜೂನ್, ಜುಲೈಯ 61 ದಿನ ಯಂತ್ರದ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಆಗ ಧಕ್ಕೆ ಖಾಲಿ. ಈಗಲಾದರೆ ಬೆಳಕು ಹರಿಯುವ ಮೊದಲೇ ಗಲಾಟೆ ಶುರು. ಬೋಟಿನ ಹೊಟ್ಟೆಯಿಂದ ಬುಟ್ಟಿ ಬುಟ್ಟಿ ಮೇಲೆ ಬರ್ತದೆ. ಬೂತಾಯಿ, ಬಂಗುಡೆ ರಾಶಿ ರಾಶಿ. ಅಂಜಲ್ ಮಾತ್ರ ಒಂದೊಂದಾಗಿ ಸಾಲಿಗೆ ಮಲಗಿಸಿರ್ತಾರೆ. ಏಲಂ ಕೂಗುವವನ ಸುತ್ತ ಮೀನು ಮಾರುವ ಹೆಂಗಸರು ನಿಂತಿರ್ತಾರೆ, ಕೈ ಸೆರಗಿನ ಗಂಟಿನ ಮೇಲೆ. ಅವನು ತುಳುವಿನಲ್ಲಿ ಒಂದು ರೇಟು ಹೇಳ್ತಾನೆ, ಒಬ್ಬಳು ಗಲ್ಲ ಎತ್ತುತ್ತಾಳೆ ಅಷ್ಟೆ, ಬುಟ್ಟಿ ಅವಳದಾಯಿತು. ಹತ್ತಿರವೇ ಐಸು ಪುಡಿ ಮಾಡುವ ಯಂತ್ರ. ನೆಲ ಜಾರ್ತದೆ, ಹಳೇ ಚಪ್ಪಲಿ ಹಾಕ್ಕೊಳ್ಳಲಿ. ಕೆಲಸದವರ ದಾರಿಗೆ ಅಡ್ಡ ನಿಂತು ಫೋಟೋ ತೆಗೆಯುವುದು ಬೇಡ. ಅಲ್ಲೇ ಹಳೇ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿ ಹಡಗುಗಳು ನಿಂತಿರ್ತಾವೆ, ಅವನ್ನೂ ತೋರಿಸಿ. ಪಣಂಬೂರಿನಲ್ಲಿ ಹೊಸ ಬಂದರು ಬಂದದ್ದು 1970ರ ದಶಕದಲ್ಲಿ. ಅದಕ್ಕೆ ಮೊದಲು ದೊಡ್ಡ ಹಡಗುಗಳು ಹೊರಗೆ ಕಡಲಲ್ಲೇ ಲಂಗರು ಹಾಕ್ತಿದ್ದವು, ಸರಕೆಲ್ಲ ಸಣ್ಣ ದೋಣಿಗಳಲ್ಲೇ ಹೋಗಿ ಬರಬೇಕಿತ್ತು.

ಹಂಚು ಹೋದದ್ದೂ ಹಾಗೆಯೇ. ಬಾಸೆಲ್ ಮಿಷನ್‌ನವರು 1865ರಲ್ಲಿ ನೇತ್ರಾವತಿ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಹೊಳೆಯ ದಡದ ಜೇಡಿಮಣ್ಣು ದೋಣಿಯಲ್ಲಿ ಬರುವುದು, ಸುಟ್ಟ ಹಂಚು ದೋಣಿಯಲ್ಲೇ ಹೋಗುವುದು. ಸಿಲೋನಿಗೂ ಹೋಯಿತು, ಆಫ್ರಿಕದ ಕರಾವಳಿಗೂ ಹೋಯಿತು. ನಿಮ್ಮ ಕೊಟ್ಟಿಗೆಯ ಮೂಲೆಯಲ್ಲಿ ಹಳೇ ಹಂಚು ಒಟ್ಟಿದ್ದೀರಲ್ಲ, ಅದರಲ್ಲಿ ಒಂದನ್ನು ತೊಳೆದು ಮಕ್ಕಳ ಕೈಗೆ ಕೊಡಿ. ಕಂಪನಿಯ ಹೆಸರು ಅಚ್ಚೊತ್ತಿರ್ತದೆ, ಪಕ್ಕದ ಹಂಚಿಗೆ ಸಿಕ್ಕಿಸುವ ಕಚ್ಚು ಇರ್ತದೆ. ಇಲ್ಲಿನ ಮಳೆಯನ್ನು ತಡೆದದ್ದು ಆ ಕಚ್ಚು. ಕಾರ್ಖಾನೆಗಳು ಹೆಚ್ಚಿನವು ಮುಚ್ಚಿದವು, ಒಂದಾದರೂ ವಸ್ತುಸಂಗ್ರಹಾಲಯವಾಗಿ ಉಳಿಯಬೇಕು ಅಂತ ನನಗೆ ಬಹಳ ಆಸೆ.

ತಂಗಿ ಧಾರವಾಡದವರು ಅಂದಮೇಲೆ ಬಾಸೆಲ್ ಮಿಷನ್‌ನವರು ಇದ್ದ ಬಲ್ಮಠದ ಕಡೆಗೂ ಒಮ್ಮೆ ಹೋಗಿ ಬನ್ನಿ. ಧಾರವಾಡದಲ್ಲಿ ಮಿಷನ್ ಶಾಲೆ ನಡೆಸಿದವರೂ ಇವರೇ ಅಲ್ವಾ? 1834ರಲ್ಲಿ ಮೊದಲು ನೆಲೆಯೂರಿದ್ದು ಮಂಗಳೂರಿನಲ್ಲಿ, ಇಲ್ಲಿಂದಲೇ ಘಟ್ಟ ಹತ್ತಿದ್ದು. ಮಿಷನ್‌ನ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ತಂದದ್ದು ಇಲ್ಲಿ. ಕಿಟೆಲ್ ಕನ್ನಡ ಕಲಿತದ್ದು ನಿಮ್ಮ ತಂಗಿಯ ಊರಿನ ಕಡೆ, ಅವರ ನಿಘಂಟು 1894ರಲ್ಲಿ ಅಚ್ಚಾದದ್ದು ನಮ್ಮ ಊರಿನಲ್ಲಿ.

ಬಿಸಿಲು ಏರಿದ ಮೇಲೆ ಹೊರಗೆ ಸುತ್ತಿಸಬೇಡಿ, ಈ ಸೆಕೆ ಅವರಿಗೆ ತಡೆಯುವುದಿಲ್ಲ. ಆ ಹೊತ್ತು ಅಲೋಶಿಯಸ್ ಕಾಲೇಜಿನ ಚಾಪೆಲಿಗೆ. ಇಟಲಿಯ ಆಂಟೋನಿಯೋ ಮೊಸ್ಕೇನಿ 1899ರ ಸುಮಾರಿಗೆ ಶುರು ಮಾಡಿ ಗೋಡೆ, ಮಾಡು ಒಂದೂ ಬಿಡದೆ ಚಿತ್ರ ಬರೆದರು. ಗೋಡೆಯದು ಹಸಿ ಗಾರೆಯ ಮೇಲೆ ಬರೆದದ್ದು. ಗಾರೆ ಒಣಗುವುದರೊಳಗೆ ಆ ಭಾಗ ಮುಗಿಸಬೇಕು. ಮಾಡಿನಲ್ಲಿ ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು. ಒಳಗೆ ಫೋಟೋ ತೆಗೆಯಲು ಬಿಡುವುದಿಲ್ಲ, ಅದು ಒಳ್ಳೆಯದೇ ಆಯಿತು. ಬೆಂಚಿನಲ್ಲಿ ಕೂತು ತಲೆ ಎತ್ತಿ ನೋಡ್ತಾರೆ. ಅಲ್ಲಿಂದ ಕದ್ರಿ ದೂರವಿಲ್ಲ. ಎಲ್ಲರೂ ಮಂಜುನಾಥನಿಗೆ ಕೈಮುಗಿದು ಹೊರಡ್ತಾರೆ, ಲೋಕೇಶ್ವರನ ಮುಂದೆ ನಿಲ್ಲುವವರು ಕಡಿಮೆ. ಮೂರು ಮುಖ, ಆರು ಕೈಯ ಕಂಚಿನ ವಿಗ್ರಹ, ಪೀಠದಲ್ಲಿ ಆಳುಪ ರಾಜ ಕುಂದವರ್ಮನ ಶಾಸನ, ಕಾಲ 968. ಶಾಸನದಲ್ಲಿ ಈ ಜಾಗಕ್ಕೆ ಕದರಿಕಾ ವಿಹಾರ ಅಂತ ಹೆಸರು. ಬೌದ್ಧರು, ನಾಥರು, ಶೈವರು ಎಲ್ಲರೂ ಹತ್ತಿದ ಗುಡ್ಡ ಅದು. ಹಿಂದುಗಡೆ ಮೆಟ್ಟಿಲು ಹತ್ತಿದರೆ ಸಾಲು ಕೆರೆಗಳು, ಬೇಸಗೆಯಲ್ಲೂ ನೀರು.

ಊಟದ ಬಗ್ಗೆ ನಾನು ನಿಮಗೆ ಹೇಳಬೇಕೇ? ನೀರುದೋಸೆ, ಕೋರಿರೊಟ್ಟಿ ನಿಮ್ಮ ಕೈಯದೇ ಆಗಲಿ. ಕಾಣೆ ಮೀನು ಸಿಕ್ಕಿದರೆ ಬಿಡಬೇಡಿ.

ಇನ್ನೊಂದು ದಿನ ಇರುವುದಾದರೆ ಮೂಡುಬಿದಿರೆ. ಸಾವಿರ ಕಂಬದ ಬಸದಿ 1430ರದ್ದು. ಧಾರವಾಡದವರು ಚಾಲುಕ್ಯರ ಗುಡಿ ನೋಡಿದವರು. ಇಳಿಜಾರಿನ ಮಾಡು ಹೊತ್ತ ಈ ಕಲ್ಲಿನ ಬಸದಿ ಅವರಿಗೆ ಹೊಸದು. ಇಲ್ಲಿನ ಮಳೆಗೆ ಕಲ್ಲುಕುಟಿಗರೂ ತಲೆಬಾಗಿ ಕಟ್ಟಿದ್ದಾರೆ. ದೈವದ ಕೋಲ ನೋಡಬೇಕು ಅಂತ ಕೇಳಿಯೇ ಕೇಳ್ತಾರೆ, ಸಿನಿಮಾ ನೋಡಿರ್ತಾರೆ. ಪರಿಚಯದ ಮನೆಯವರು ಕರೆದರೆ ಮಾತ್ರ ಕರ್ಕೊಂಡು ಹೋಗಿ. ಅದು ಒಂದು ಕುಟುಂಬ ತನ್ನ ದೈವದ ಮುಂದೆ ಕಷ್ಟ ಹೇಳಿಕೊಳ್ಳುವ ಜಾಗ. ಮೊಬೈಲು ಕಿಸೆಯಲ್ಲಿ ಇರಬೇಕು.

ಯಕ್ಷಗಾನಕ್ಕೆ ಆ ಸಂಕೋಚ ಬೇಡ. ದೀಪಾವಳಿ ಕಳೆದು ಮೇಳಗಳು ಹೊರಟಾಗಿದೆ, ಮಳೆಗಾಲಕ್ಕೆ ಮುಂಚಿನ ಪತ್ತನಾಜೆ ದಿನದವರೆಗೆ ಆಟ ಉಂಟು. ಕಟೀಲು ಮೇಳದ ಹರಕೆ ಆಟಕ್ಕೆ ಟಿಕೇಟು ಇಲ್ಲ, ಯಾರೂ ಹೋಗಿ ಕೂರಬಹುದು. ನಂದಿನಿ ಹೊಳೆಯ ನಡುವಿನ ಕಟೀಲು ದೇವಸ್ಥಾನ ಹಗಲು ನೋಡಿ, ರಾತ್ರಿ ಹತ್ತಿರದ ಆಟಕ್ಕೆ ಹೋಗಿ. ಎಲ್ಲಿ ಉಂಟು ಅಂತ ನಾನೇ ವಿಚಾರಿಸಿ ಹೇಳ್ತೇನೆ. ‘ದೇವಿ ಮಹಾತ್ಮೆ’ ಸಿಕ್ಕಿದರೆ ಅದಕ್ಕೇ ಹೋಗಿ. ಒಂದು ಚಾಪೆ, ಒಂದು ಶಾಲು ಇರಲಿ. ನಿದ್ದೆ ಬಂದ ಮಕ್ಕಳನ್ನು ಮಲಗಿಸಿ, ಪರವಾಗಿಲ್ಲ. ಆದರೆ ಮಹಿಷಾಸುರ ಬರುವುದು ರಂಗಸ್ಥಳದ ಹಿಂದಿನಿಂದ ಅಲ್ಲ, ಜನರ ನಡುವೆಯೇ ದೊಂದಿ ಬೆಳಕಿನಲ್ಲಿ ಆರ್ಭಟಿಸಿಕೊಂಡು ಬರ್ತಾನೆ. ಚೆಂಡೆ ಏರಿದ್ದು ಕೇಳಿದ ಕೂಡಲೇ ಎಬ್ಬಿಸಿ ಕೂರಿಸಿ.