ನಿಯಮಣ್ಣ

ಬೆಂಗಳೂರಿನಿಂದ ಜರ್ಮನಿಯ ಸ್ಟಟ್‌ಗಾರ್ಟಿಗೆ ಯಾರೇ ಹೊಸಬರು ಬಂದಿಳಿಯಲಿ, ಸೂಟ್‌ಕೇಸು ಬಿಚ್ಚುವ ಮೊದಲೇ ನಿಯಮಣ್ಣ ಹಾಜರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಇದು ಕನ್ನಡಿಗರ ವಾಟ್ಸಾಪ್ ಗುಂಪು ಬೆನ್ನ ಹಿಂದೆ ಇಟ್ಟದ್ದು. ಒಂದು ಕೈಯಲ್ಲಿ ಬಿಸಿಬೇಳೆಬಾತಿನ ಡಬ್ಬಿ, ಇನ್ನೊಂದರಲ್ಲಿ ಯಾವ ಕಸ ಯಾವತ್ತು ಒಯ್ಯುತ್ತಾರೆಂಬ ಪಟ್ಟಿ. ಬಾತು ತಿಂದ ಋಣಕ್ಕೆ ಉಪದೇಶ ಕೇಳಲೇಬೇಕು.

"ನೋಡೀಮ್ಮಾ, ಇದು ಜಯನಗರ ಅಲ್ಲ. ಎರಡು ವಾರದೊಳಗೆ ವಿಳಾಸ ನೋಂದಾಯಿಸ್ಬೇಕು. ರಾತ್ರಿ ಹತ್ತಾದ್ಮೇಲೆ ಸದ್ದು ಇಲ್ಲ. ಭಾನುವಾರ ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ. ಮಿಕ್ಸಿ..." ಇಲ್ಲಿ ದನಿ ತಗ್ಗುತ್ತದೆ. "ಕೆಳಗೆ ಟವೆಲ್ ಮಡಿಚಿ ಹಾಕ್ಕೊಳ್ಳಿ. ಭಾನುವಾರದ ಚಟ್ನಿ ಶನಿವಾರಾನೇ ರುಬ್ಬಿಟ್ಬಿಡಿ." ಕುಕ್ಕರ್ ಕೂಗುವ ಹೊತ್ತಿಗೆ ಇವನು ಒಲೆಯ ಮುಂದೆ ನಿಂತು "ಶ್ಶ್" ಅನ್ನುತ್ತಾನೆಂದು ಹೆಂಡತಿಯೇ ಹೇಳಿದ್ದು.

ಉಪ್ಪಿನಕಾಯಿ ಬಾಟಲಿ ಖಾಲಿಯಾದರೆ ಬಿಸಿನೀರಲ್ಲಿ ತೊಳೆದು, ಒರೆಸಿ, ಬೀದಿಯ ಗಾಜಿನ ತೊಟ್ಟಿಗಳವರೆಗೆ ನಡೆಯುತ್ತಾನೆ. ಬಿಳಿಗೊಂದು, ಹಸಿರಿಗೊಂದು, ಕಂದಿಗೊಂದು. ನೀಲಿ ಬಾಟಲಿಯಾದರೆ? ಹೊಸಬರು ತಬ್ಬಿಬ್ಬಾಗುವುದನ್ನೇ ಕಾದಿದ್ದು, "ಹಸಿರಿಗೆ!" ಎಂದು ಬೀಗುತ್ತಾನೆ. ಅದೂ ಭಾನುವಾರ ಹಾಕುವಂತಿಲ್ಲ, ಸದ್ದಾಗುತ್ತದಲ್ಲ.

ನಡುರಾತ್ರಿ, ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ, ಕೆಂಪು ದೀಪಕ್ಕೆ ಇವನೊಬ್ಬ ನಿಂತಿರುತ್ತಾನೆ. ಒಮ್ಮೆ ಅಪ್ಪಟ ಜರ್ಮನ್ ಅಜ್ಜನೊಬ್ಬ ಪಕ್ಕದಿಂದಲೇ ಆರಾಮಾಗಿ ದಾಟಿ ಹೋದ. ನಿಯಮಣ್ಣ ತುಸು ಯೋಚಿಸಿ ಹೇಳಿದ, "ಬರ್ಲಿನ್ ಕಡೆಯವರಿರ್ಬೇಕು."

ಅವನ ಪರಮ ಆರಾಧನೆ ಮಾತ್ರ 'ಕೇರ್‌ವೋಖೆ'ಗೆ ಮೀಸಲು. ಕಟ್ಟಡದ ಮೆಟ್ಟಿಲು, ಮುಂದಿನ ಕಾಲುದಾರಿಗಳನ್ನು ಮನೆಗೊಂದು ವಾರದ ಸರದಿಯಂತೆ ಗುಡಿಸುವ ಈ ಸೀಮೆಯ ಪದ್ಧತಿ. ಸರದಿ ಬಂದವರ ಬಾಗಿಲಿಗೆ ಫಲಕ ನೇತುಬೀಳುತ್ತದೆ. ಕೊಲಂಬಸ್ ನಮ್ಮನ್ನು ಹುಡುಕಿಕೊಂಡು ಹಡಗು ಹತ್ತಿದ 1492ರಲ್ಲೇ ಇಲ್ಲಿನ ದೊರೆ ಎಬರ್ಹಾರ್ಡ್, ಪ್ರತಿಯೊಬ್ಬನೂ ವಾರ ವಾರ ತನ್ನ ಕಸ ಹೊರಸಾಗಿಸಬೇಕೆಂದು ಕಟ್ಟಳೆ ಮಾಡಿದ್ದ. ಈಗ ಅದು ಬಾಡಿಗೆ ಕರಾರಿನ ಒಂದು ಕಲಮು. ಇಲ್ಲಿಯೇ ಹುಟ್ಟಿದವರಲ್ಲಿ ಎಷ್ಟೋ ಮಂದಿ ದುಡ್ಡು ಕೊಟ್ಟು ಆಳಿನ ಕೈಲಿ ಗುಡಿಸಿಸಿ ಕೈತೊಳೆದುಕೊಳ್ಳುತ್ತಾರೆ. ನಿಯಮಣ್ಣ ಹಾಗಲ್ಲ. ಬೆಂಗಳೂರಿನಲ್ಲಿದ್ದಾಗ ತಾನು ತಿಂದ ತಟ್ಟೆಯನ್ನೂ ಎತ್ತದಿದ್ದ ಪುಣ್ಯಾತ್ಮ ಶನಿವಾರ ಬೆಳಿಗ್ಗೆ ಪ್ಯಾಂಟು ಮಡಿಚಿ, ರೇಲಿಂಗಿನ ಸಂದುಸಂದಿಗೂ ಬಟ್ಟೆ ತೂರಿಸಿ, ಕೊನೆಗೆ ಬಕೆಟ್ಟನ್ನು ಬೇಕೆಂದೇ ಸ್ವಲ್ಪ ಸದ್ದಾಗುವಂತೆ ಇಡುತ್ತಾನೆ. ಗುಡಿಸಿದ್ದು ನಾಲ್ಕು ಜನಕ್ಕೆ ಗೊತ್ತಾಗಬೇಡವೆ?

ಕಳೆದ ಬೇಸಿಗೆಯಲ್ಲಿ ಅವನ ಅಮ್ಮ ಬಂದರು. ಮಗ ಫಲಕ ತೋರಿಸಿ ಎಲ್ಲ ವಿವರಿಸಿದ. ಅಮ್ಮ ಮೂಗಿನ ಮೇಲೆ ಬೆರಳಿಟ್ಟರು. "ವಾರಕ್ಕೊಂದ್ಸಲವೇನೋ ಗುಡಿಸೋದು? ಥೂ, ಕೊಳಕರು!"

ಮರುದಿನ ಭಾನುವಾರ. ಇವನು ಏಳುವಷ್ಟರಲ್ಲಿ ಕಟ್ಟಡದ ಹೊಸಿಲು ಗುಡಿಸಿ, ನೀರು ಹಾಕಿ, ಏಳು ಚುಕ್ಕಿಯ ರಂಗೋಲಿ ಬಿದ್ದಿತ್ತು. ನಿಯಮಣ್ಣ ಒರೆಸುವ ಬಟ್ಟೆ ಹಿಡಿದು ಓಡಿದರೆ, ಅವನು ಹುಲಿಗಿಂತ ಹೆಚ್ಚು ಹೆದರುವ ಕೆಳಮನೆಯ ಅಜ್ಜಿ ಅಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತು ಚುಕ್ಕಿ ಸೇರಿಸುತ್ತಿದ್ದಾಳೆ. ಒಬ್ಬರದು ಇಲ್ಲಿನ ಆಡುನುಡಿ ಸ್ವೇಬಿಯನ್, ಒಬ್ಬರದು ಕನ್ನಡ; ಮಾತಿಗೇನೂ ಕೊರತೆಯಿಲ್ಲ. ತನ್ನ ಸರದಿಯ ವಾರವೂ ಇದನ್ನು ಬಿಡಿಸಿಕೊಡಬೇಕೆಂದು ಅಜ್ಜಿಯ ಬೇಡಿಕೆ.

ನಿಯಮಣ್ಣ ಒಳಹೋಗಿ ಬಾಡಿಗೆ ಕರಾರನ್ನು ಮೊದಲಿಂದ ಕೊನೆವರೆಗೂ ಓದಿದ. ರಂಗೋಲಿಯ ಸುದ್ದಿಯೇ ಇಲ್ಲ. ಮನೆ ಮಾಲೀಕರಿಗೆ ಅನುಮತಿ ಕೋರಿ ಪತ್ರ ಹಾಕಿದ್ದಾನೆ, ರಿಜಿಸ್ಟರ್ಡ್ ಪೋಸ್ಟಿನಲ್ಲಿ. ಜೊತೆಗೆ ಚುಕ್ಕಿಗಳ ನಕ್ಷೆ, ಎರಡು ಪ್ರತಿ.